ಸುಳ್ಳೆಂದು ತೋರಿಸಲು ಹೋಗಿ

ಕಪ್ಪುಕುಳಿ ಅಂದ ಕೂಡಲೇ ನೆನಪಾಗುವುದು ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್. ನನಗೆ ಮಾತ್ರ ಇವತ್ತೆಲ್ಲ ಜೇಕಬ್ ಬೆಕೆನ್‌ಸ್ಟೈನ್ ಅವರದೇ ಯೋಚನೆ. ಕಪ್ಪುಕುಳಿಗೂ ಎಂಟ್ರೊಪಿ (ಒಂದು ವಸ್ತುವಿನೊಳಗಿನ ಅಸ್ತವ್ಯಸ್ತತೆಯ ಅಳತೆ) ಇದೆ, ಅದರ ಮೇಲ್ಮೈ ವಿಸ್ತೀರ್ಣವೇ ಅದಕ್ಕೆ ಅಳತೆ ಎಂದು 1972ರಲ್ಲಿ ಹೇಳಿದವರು ಅವರು. ಆಗಿನ್ನೂ ಪ್ರಿನ್ಸ್‌ಟನ್‌ನಲ್ಲಿ ವಿದ್ಯಾರ್ಥಿ.

ಹಾಕಿಂಗ್‌ಗೆ ಸಿಟ್ಟು ಬಂತು. ಆ ವಿಸ್ತೀರ್ಣ ಎಂದೂ ಕಡಿಮೆಯಾಗದು ಎಂದು ತೋರಿಸಿದ್ದು ಅವರೇ. ಅದನ್ನು ಬೆಕೆನ್‌ಸ್ಟೈನ್ ತಪ್ಪಾಗಿ ಬಳಸುತ್ತಿದ್ದಾರೆ ಅನ್ನಿಸಿತು. ತಕರಾರಿನಲ್ಲಿ ಹುರುಳೂ ಇತ್ತು. ಎಂಟ್ರೊಪಿ ಇದ್ದರೆ ತಾಪಮಾನ ಇರಬೇಕು, ತಾಪಮಾನ ಇದ್ದರೆ ವಿಕಿರಣ ಹೊರಬರಬೇಕು. ಬೆಳಕನ್ನೇ ಬಿಡದ ಕಪ್ಪುಕುಳಿಯಿಂದ ಇನ್ನೇನು ಬಂದೀತು, ಅಲ್ವಾ?

1973ರ ಸೆಪ್ಟೆಂಬರಿನಲ್ಲಿ ಹಾಕಿಂಗ್ ಮಾಸ್ಕೋಗೆ ಹೋದರು. ತಿರುಗುವ ಕಪ್ಪುಕುಳಿ ಕಣಗಳನ್ನು ಸೂಸಬೇಕು ಎಂದು ಸೋವಿಯತ್ ಭೌತವಿಜ್ಞಾನಿಗಳಾದ ಝೆಲ್ಡೊವಿಚ್ ಮತ್ತು ಸ್ಟಾರೊಬಿನ್ಸ್ಕಿ ಅಲ್ಲಿ ವಿವರಿಸಿದರು. ವಾದ ಹಿಡಿಸಿತು, ಲೆಕ್ಕ ಹಾಕಿದ ರೀತಿ ಹಿಡಿಸಲಿಲ್ಲ. ಮರಳಿ ಬಂದು ತಾವೇ ಲೆಕ್ಕಕ್ಕೆ ಇಳಿದರು. ನೋಡಿದರೆ, ತಿರುಗದ ಕಪ್ಪುಕುಳಿಯೂ ಕಣ ಸೂಸುತ್ತಿದೆ! ಎಲ್ಲೋ ತಪ್ಪಾಗಿದೆ ಅಂದುಕೊಂಡರು. ಬೆಕೆನ್‌ಸ್ಟೈನ್‌ಗೆ ಗೊತ್ತಾದರೆ ಇದನ್ನೇ ಹಿಡಿದುಕೊಳ್ಳುತ್ತಾರೆ ಎಂಬ ಅಳುಕು ಬೇರೆ. ಆದರೆ ಆ ವಿಕಿರಣ, ಬಿಸಿಯಾದ ವಸ್ತುವೊಂದು ಸೂಸುವ ವಿಕಿರಣದಂತೆಯೇ ಇತ್ತು. ಅಂದರೆ ಕಪ್ಪುಕುಳಿಗೆ ತಾಪಮಾನವಿದೆ, ಬೆಕೆನ್‌ಸ್ಟೈನ್ ಹೇಳಿದ್ದೇ ಸರಿ. ಅಲ್ಲಿಗೆ ಅವರ ಅನುಮಾನ ಹೋಯಿತು. ತಮಗೆ ಬೇಡವಾದ ಉತ್ತರವನ್ನು ಬಚ್ಚಿಡದೆ 1974ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರಲ್ಲ, ಅವರ ಮೇಲೆ ನನಗೆ ಗೌರವ ಹೆಚ್ಚಿದ್ದೇ ಅದಕ್ಕೆ.

ಸೂರ್ಯನಷ್ಟು ದ್ರವ್ಯರಾಶಿಯ ಕಪ್ಪುಕುಳಿಯ ತಾಪಮಾನ ಒಂದು ಕೆಲ್ವಿನ್‌ನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಸುತ್ತಲಿನ ಬಾಹ್ಯಾಕಾಶವೇ 2.7 ಕೆಲ್ವಿನ್ ಇದೆ, ಅದರ ಮುಂದೆ ಕಪ್ಪುಕುಳಿಯ ವಿಕಿರಣ ತೀರಾ ಮಂದ. ಹಾಗಾಗಿ ಆಕಾಶದ ಯಾವ ಕಪ್ಪುಕುಳಿಯಲ್ಲೂ ಈ ವಿಕಿರಣವನ್ನು ಇನ್ನೂ ಯಾರೂ ಕಂಡಿಲ್ಲ.