ಕಣ್ಣಿಗೆ ಕಾಣದ ಮೀನು

ಜಪಾನಿ ತಿನಿಸುಗಳ ಸಾಧಾರಣ ರೆಸ್ಟೋರೆಂಟ್ ಒಂದರಲ್ಲಿ ನಾನು ಬಡಿಸುವ ಕೆಲಸ ಮಾಡುತ್ತೇನೆ. ಜಪಾನಿನಲ್ಲಿ ಇಜಕಾಯಾ ಎಂದು ಕರೆಯುವ ಬಗೆಯ ಜಾಗ ಇದು. ಸ್ನೇಹಿತರು ಗುಂಪಾಗಿ ಬಂದು, ಸಣ್ಣ ಸಣ್ಣ ತಟ್ಟೆಗಳನ್ನು ಒಂದರ ಹಿಂದೊಂದು ತರಿಸಿಕೊಂಡು, ಎಲ್ಲವನ್ನೂ ಮೇಜಿನ ನಡುವೆ ಇಟ್ಟು ಹಂಚಿಕೊಂಡು ತಿನ್ನುತ್ತಾರೆ. ಒಬ್ಬರು ಆರ್ಡರ್ ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ.

ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಲ್ಲಿ ಆರು ಮಂದಿಯ ಒಂದು ಮೇಜು ನನ್ನ ಪಾಲಿಗೆ ಬಂದಿತ್ತು. ಎಲ್ಲರೂ ಮಾತಿನಲ್ಲಿ ಮುಳುಗಿದ್ದಾಗ ಅವರಲ್ಲೊಬ್ಬ ಮಹಿಳೆ ನನ್ನತ್ತ ತಿರುಗಿ, "ನಾನು ಮೀನು, ಮಾಂಸ ತಿನ್ನುವುದಿಲ್ಲ. ಈ ಮಿಸೊ ಸೂಪಿನಲ್ಲಿ ಮೀನು ಇದೆಯೇ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಬಟ್ಟಲಿನಲ್ಲಿ ತೇಲುವುದನ್ನು ದಿನವೂ ನೋಡುತ್ತಿದ್ದ ನಾನು, "ಇಲ್ಲ ಮೇಡಂ, ತೋಫು, ಕಡಲಕಳೆ, ಈರುಳ್ಳಿ ಸೊಪ್ಪು ಅಷ್ಟೇ" ಎಂದೆ. ಅಡುಗೆಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿರಿಯ ಬಾಣಸಿಗರು ಅದೇ ಮೇಜಿನ ಚೀಟಿಯಲ್ಲಿ ನಾನು ಬರೆದಿದ್ದ "ಒಬ್ಬರಿಗೆ ಮೀನು ಬೇಡ" ಎಂಬ ಸಾಲನ್ನು ಓದಿ ಕರೆದರು: "ಮೀನು ತಿನ್ನದವರಿಗೆ ಆ ಸೂಪನ್ನು ಹೇಗಪ್ಪ ಕೊಟ್ಟೆ? ಅದರ ನೀರೇ ಮೀನಿನದು."

ಆ ನೀರಿಗೆ ದಾಶಿ ಎಂದು ಹೆಸರು. ಕೋಂಬು ಎಂಬ ಒಣಗಿಸಿದ ಕಡಲಕಳೆಯನ್ನು ತಣ್ಣೀರಿನಲ್ಲಿ ನೆನೆಸಿ, ನಿಧಾನವಾಗಿ ಬಿಸಿ ಮಾಡಿ, ಕುದಿ ಬರುವ ಮೊದಲೇ ತೆಗೆದುಬಿಡುತ್ತಾರೆ. ಬಳಿಕ ಕತ್ಸುವೊಬುಶಿಯನ್ನು ಹಾಕುತ್ತಾರೆ. ಅದು ಬೇಯಿಸಿ, ಹೊಗೆಯಲ್ಲಿಟ್ಟು, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ ಮೀನು. ಬಡಗಿ ಮರ ಹೆರೆಯುವಂತೆ ಅದನ್ನು ಹೆರೆದರೆ ಕಾಗದಕ್ಕಿಂತ ತೆಳುವಾದ ಸುರುಳಿಗಳು ಬರುತ್ತವೆ. ಆ ಸುರುಳಿಗಳು ತಳಕ್ಕಿಳಿದ ಮೇಲೆ ಬಟ್ಟೆಯಲ್ಲಿ ಸೋಸಿದರೆ ತಿಳಿಯಾದ ಹೊಂಬಣ್ಣದ ನೀರು ಉಳಿಯುತ್ತದೆ. ಮೀನಿನ ಒಂದು ಚೂರೂ ಅದರಲ್ಲಿ ಕಾಣುವುದಿಲ್ಲ.

ನಾನು ಮೇಜಿಗೆ ಹೋಗಿ, ತಪ್ಪು ಹೇಳಿದೆನೆಂದು ಒಪ್ಪಿಕೊಂಡು ಕ್ಷಮೆ ಕೇಳಿದೆ. ಅವರು ಅರ್ಧ ಕುಡಿದಿದ್ದ ಬಟ್ಟಲನ್ನು ಎರಡೂ ಕೈಗಳಿಂದ ಕೆಳಗಿಟ್ಟರು, ಮತ್ತೆ ಅದರ ಕಡೆ ನೋಡಲಿಲ್ಲ. ಪಕ್ಕದಲ್ಲಿದ್ದ ಗೆಳತಿ ನನ್ನ ಮೇಲೆ ಸಿಟ್ಟಾದಾಗ ಅವರೇ ತಡೆದು, "ಹೋಗಲಿ ಬಿಡು, ಎಲ್ಲರ ಊಟ ಕೆಡುವುದು ಬೇಡ" ಎಂದರು. ಗೆಳತಿಯ ಬೈಗುಳಕ್ಕಿಂತ ಈ ಮಾತು ನನ್ನನ್ನು ಹೆಚ್ಚು ನೋಯಿಸಿತು. ಸ್ನೇಹಿತರ ಜೊತೆ ಬಂದವರು ತಮ್ಮಿಂದ ಇತರರಿಗೆ ತೊಂದರೆಯಾಗಬಾರದೆಂದು ಇಂಥ ಪ್ರಶ್ನೆಯನ್ನು ಒಂದೇ ಸಲ ಕೇಳುತ್ತಾರೆ. ಸಿಕ್ಕ ಉತ್ತರವನ್ನು ನಂಬಿ ಉಣ್ಣುತ್ತಾರೆ. ಆ ಒಂದು ಸಲಕ್ಕೆ ನಾನು ಊಹೆಯಿಂದ ಉತ್ತರ ಕೊಟ್ಟಿದ್ದೆ.

ಆಮೇಲೆ ಒಂದು ವಾರ ಕೆಲಸ ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ಪ್ರತಿಯೊಂದು ತಿನಿಸಿನ ಒಳಗನ್ನು ಕೇಳಿ ಬರೆದುಕೊಂಡೆ. ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿ ಟೆಂಪುರಾ ಜೊತೆಗೆ ಕೊಡುವ ಅದ್ದುರಸದಲ್ಲಿ ದಾಶಿ ಇದೆ, ಅದರ ಹಿಟ್ಟಿನಲ್ಲಿ ಮೊಟ್ಟೆ ಇದೆ, ಸೀಗಡಿ ಕರಿದ ಎಣ್ಣೆಯಲ್ಲೇ ತರಕಾರಿಯನ್ನೂ ಕರಿಯುತ್ತೇವೆ. ಅಗೆದಾಶಿ ಎಂಬ ಕರಿದ ತೋಫುವಿಗೆ ಸುರಿಯುವ ರಸದಲ್ಲೂ ದಾಶಿ ಇರುವುದನ್ನು ನಾನು ಗಮನಿಸಿರಲಿಲ್ಲ. ಇನಾರಿ ಸುಶಿಯ ಕರಿದ ತೋಫು ಚೀಲವನ್ನು ಬೇಯಿಸುವುದೂ ಅದೇ ನೀರಿನಲ್ಲಿ. ಮೀನು ಕಣ್ಣಿಗೆ ಕಾಣುವುದು ಒಕೊನೊಮಿಯಾಕಿ ಎಂಬ ಎಲೆಕೋಸಿನ ದೋಸೆಯ ಮೇಲೆ ಮಾತ್ರ, ಬಿಸಿಗೆ ಅಲುಗಾಡುವ ಸುರುಳಿಗಳಾಗಿ. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುವುದರಿಂದ ಗೋಧಿ ಒಗ್ಗದವರಿಗೆ ಹೇಳಲೇಬೇಕಾದ ಸಂಗತಿಗಳು ಬೇರೆಯೇ ಇವೆ.

ಮೀನಿಲ್ಲದ ದಾಶಿ ಸಪ್ಪೆಯಾದೀತೆಂಬ ನನ್ನ ಅನುಮಾನವನ್ನು ನಿವಾರಿಸಿದವರೂ ಆ ಬಾಣಸಿಗರೇ. ಕೋಂಬುವಿನ ರುಚಿಗೆ ಗ್ಲುಟಮೇಟ್ ಎಂಬ ಅಂಶ ಕಾರಣವೆಂದು ಜಪಾನಿನ ರಸಾಯನವಿಜ್ಞಾನಿ ಕಿಕುನೆ ಇಕೆದಾ 1908ರಲ್ಲಿ ಕಂಡುಹಿಡಿದು ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಒಣ ಮೀನಿನಲ್ಲಿರುವ ಇನೊಸಿನೇಟ್ ಅದರೊಂದಿಗೆ ಸೇರಿದಾಗ ರುಚಿ ಹಲವು ಪಟ್ಟು ಹೆಚ್ಚುತ್ತದೆ. ಒಣಗಿಸಿದ ಶಿಟಾಕೆ ಅಣಬೆಯಲ್ಲಿರುವ ಗ್ವಾನಿಲೇಟ್ ಕೂಡ ಇದೇ ಕೆಲಸ ಮಾಡುತ್ತದೆ. ಜಪಾನಿನ ಬೌದ್ಧ ಮಠಗಳ ಶೋಜಿನ್ ಅಡುಗೆ ಮೀನಿಲ್ಲದೆಯೇ ನಡೆದುಬಂದಿದೆ.

ಈಗ ಗುಂಪು ಕುಳಿತ ಕೂಡಲೇ, ಆರ್ಡರ್ ಬರೆದುಕೊಳ್ಳುವ ಮೊದಲೇ, ಒಗ್ಗದ್ದು ಅಥವಾ ತಿನ್ನದ್ದು ಏನಾದರೂ ಇದೆಯೇ ಎಂದು ಎಲ್ಲರಿಗೂ ಕೇಳುವಂತೆ ನಾನೇ ವಿಚಾರಿಸುತ್ತೇನೆ. ಯಾರೊಬ್ಬರೂ ಒಂಟಿಯಾಗಿ ಬಾಯಿ ಬಿಡಬೇಕಾಗಿಲ್ಲ. ಇದ್ದರೆ ಅವರ ತಟ್ಟೆ ಬೇರೆಯಾಗಿ ಬರುತ್ತದೆ, ಜೊತೆಗೆ ಬೇರೆ ಚಾಪ್‌ಸ್ಟಿಕ್ ಜೋಡಿಯೂ ಬರುತ್ತದೆ. ಅಡುಗೆಮನೆಯ ಎಡಗಡೆಯ ಕಪಾಟಿನಲ್ಲಿ ಪ್ರತಿ ಮಧ್ಯಾಹ್ನ ಒಂದು ಗಾಜಿನ ಜಾಡಿಯಲ್ಲಿ ಕೋಂಬು ಮತ್ತು ಒಣ ಶಿಟಾಕೆಯನ್ನು ನೆನೆಹಾಕುತ್ತೇವೆ. ಜಾಡಿ ಖಾಲಿಯಾದ ದಿನ, ಇವತ್ತು ನಿಮಗೆ ಸೂಪು ಕೊಡಲಾಗದು ಎಂದು ಮೊದಲೇ ತಿಳಿಸುತ್ತೇವೆ.