ಜನ ಎಲ್ಲಿ ಅಂತ ಕೇಳುವವರಿಗೆ

ಕೊರಿಯಾದ ಗ್ಯೆಹ್ವೆದೊ, ಅಂದರೆ ವಿದ್ವಾಂಸ-ಅಧಿಕಾರಿಗಳ ಕೂಟದ ಚಿತ್ರ, ತೋರಿಸಿದಾಗಲೆಲ್ಲ ಒಂದೇ ಪ್ರಶ್ನೆ: ‘ಬರೀ ಬೆಟ್ಟ, ನದಿ. ಜನ ಎಲ್ಲಿ?’ ಕೆಲವರಂತೂ ‘ಆಗಿನವರಿಗೆ ಮುಖ ಬರೆಯೋಕೆ ಬರ್ತಿರಲಿಲ್ವಾ?’ ಅಂತಲೂ ಕೇಳುತ್ತಾರೆ. ಬರುತ್ತಿತ್ತು ಸ್ವಾಮಿ. ಗಡ್ಡದ ಕೂದಲು ಕೂದಲೂ ಬಿಡದೆ ಭಾವಚಿತ್ರ ಬರೆದ ನಾಡು ಅದು. ನೀವು ಅರ್ಧ ಮಾತ್ರ ನೋಡಿದ್ದೀರಿ. ಕಣ್ಣು ಕೆಳಗಿಳಿಸಿ.

16ನೇ ಶತಮಾನದ ಇಂಥ ನೇತುಹಾಕುವ ಸುರುಳಿಯಲ್ಲಿ ಮೂರು ಅಂತಸ್ತು. ಮೇಲೆ ಮೊಹರುಗಳಲ್ಲಿ ಕಾಣುವ ಹಳೆಯ ಶೈಲಿಯ ಅಕ್ಷರಗಳ ಶೀರ್ಷಿಕೆ, ನಡುವೆ ದೃಶ್ಯ, ಕೆಳಗೆ ಗೆರೆ ಎಳೆದು ಬರೆದ ಹೆಸರುಪಟ್ಟಿ. ಈ ಪಟ್ಟಿಗೆ ಜ್ವಾಮೊಕ್ ಎನ್ನುತ್ತಾರೆ. ಜನ ಇರುವುದು ಅಲ್ಲಿ.

1531ರ ಸುಮಾರಿನ ದೊಕ್ಸೊದಾಂಗ್, ಅಂದರೆ ಓದುಮನೆಯ, ಕೂಟದ ಚಿತ್ರವನ್ನೇ ತೆಗೆದುಕೊಳ್ಳಿ. ರೇಷ್ಮೆಯ ಮೇಲೆ ಹಾನ್ ನದಿ, ಹಿಂದೆ ಉಂಗ್‌ಬೊಂಗ್ ಗುಡ್ಡ, ಮರಗಳ ಮಧ್ಯೆ ಓದುಮನೆಯ ಸೂರು ಮಾತ್ರ. ಪ್ರತಿಭಾವಂತ ಯುವ ಅಧಿಕಾರಿಗಳಿಗೆ ಓದಲೆಂದೇ ರಜೆ ಕೊಡುವ ಪದ್ಧತಿಯನ್ನು ರಾಜ ಸೆಜೊಂಗ್ ತಂದಿದ್ದ. ಆ ಓದಿನ ಮನೆ ಇದು. ಕೂಟ ನಡೆದಿರುವುದು ನೀರಿನ ಮೇಲೆ, ದೋಣಿಯಲ್ಲಿ, ಬೆರಳ ತುದಿಯಷ್ಟು ಜಾಗದಲ್ಲಿ. ಕೆಳಗೆ 12 ಜನರ ಪಟ್ಟಿ: ಹೆಸರು, ಕಾವ್ಯನಾಮ, ಕುಲದ ಮೂಲ ಊರು, ಹುಟ್ಟಿದ ವರ್ಷ, ಪರೀಕ್ಷೆ ಗೆದ್ದ ವರ್ಷ, ಓದಿನ ರಜೆ ಪಡೆದ ಕಾಲ, ಹುದ್ದೆ. ದೋಣಿಯಲ್ಲಿ ಮುಖಗಳನ್ನು ಬರೆದಿದ್ದರೂ ಇಷ್ಟು ತಿಳಿಯುತ್ತಿರಲಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಎಷ್ಟು ಪ್ರತಿ ಮಾಡಿಸಿದರು? ಸದಸ್ಯರೆಷ್ಟೋ ಅಷ್ಟು ಎನ್ನುವುದು ರೂಢಿ. ಒಬ್ಬೊಬ್ಬರೂ ಒಂದೊಂದು ಮನೆಗೆ ಒಯ್ಯುತ್ತಿದ್ದರು. ಹಾಗಾಗಿ ಇದು ಗೋಡೆಯ ಅಲಂಕಾರ ಅಲ್ಲ, ‘ನಾನು ಇವರ ಜೊತೆಗಾರ’ ಎಂಬ ದಾಖಲೆ. ಕಾಲ ಗುರುತಿಸುವುದೂ ಈ ಪಟ್ಟಿಯಿಂದಲೇ. ಅಷ್ಟೂ ಜನ ಅಲ್ಲಿ ಬರೆದ ಹುದ್ದೆಗಳಲ್ಲಿ ಒಟ್ಟಿಗೆ ಇದ್ದದ್ದು ಯಾವಾಗ ಎಂದು ರಾಜವಂಶದ ದಿನಚರಿಯ ಜೊತೆ ತಾಳೆ ನೋಡಬೇಕು. ಒಬ್ಬನಿಗೆ ಬಡ್ತಿ ಸಿಕ್ಕ ತಿಂಗಳು ಗೊತ್ತಾದರೂ ಸಾಕು, ಕಾಲದ ಅಂದಾಜು ಬಿಗಿಯಾಗುತ್ತದೆ. ಪಟ್ಟಿಯಿರುವ ಅಂಚು ಸವೆದರೆ, ಇಲ್ಲವೇ ಹೊಸ ಚೌಕಟ್ಟು ಹಾಕುವಾಗ ಯಾರಾದರೂ ಅದನ್ನು ಕತ್ತರಿಸಿದರೆ, ಉಳಿಯುವುದು ಹೆಸರಿಲ್ಲದ ಒಂದು ನದಿ. ದೊಕ್ಸೊದಾಂಗ್ ಸುರುಳಿ ಪಟ್ಟಿ ಸಮೇತ ಉಳಿದು, 2022ರಲ್ಲಿ ಅಮೆರಿಕದ ಹರಾಜಿನಿಂದ ಕೊರಿಯಾಕ್ಕೆ ಮರಳಿತು. ನನಗಂತೂ ಇದು ದೊಡ್ಡ ಸಮಾಧಾನ.

ಮುಖವೇ ಬೇಕು ಎನ್ನುವವರಿಗೂ ದಾರಿಯಿದೆ. 1550ರ ಸುಮಾರಿನ ಕಂದಾಯ ಇಲಾಖೆಯ ಚಿತ್ರದಲ್ಲಿ ನದಿ ಹಿಂದೆ ಸರಿದು, ಅಧಿಕಾರಿಗಳು ಕಟ್ಟಡದೊಳಗೆ ಕುಳಿತದ್ದು ಸ್ಪಷ್ಟವಾಗಿ ಕಾಣುತ್ತದೆ. 1719ರಲ್ಲಿ ರಾಜ ಸುಕ್‌ಜೊಂಗ್ ಹಿರಿಯರ ಸಂಘ ಸೇರಿದಾಗ ಮಾಡಿಸಿದ ಆಲ್ಬಮ್ಮಿನಲ್ಲಿ ಅರ್ಧದೇಹದ ಭಾವಚಿತ್ರಗಳೇ ಇವೆ. ಅದು ಮುಗಿದದ್ದು ಮರುವರ್ಷ; ಪ್ರತಿಗಳು 12, ಹನ್ನೊಂದು ಸದಸ್ಯರಿಗೆ, ಒಂದು ಸಂಘದ ಕಚೇರಿಗೆ. ಅದರಲ್ಲೂ ಹೆಸರುಪಟ್ಟಿ ಬಿಟ್ಟಿಲ್ಲ. ಕೊನೆಯಲ್ಲಿ ಚಿತ್ರ ಬರೆದ ಕಿಮ್ ಜಿನ್‌ಯೊ ಮತ್ತು ಅವನ ಜೊತೆಗಾರರ ಹೆಸರನ್ನೂ ಬರೆದಿದ್ದಾರೆ.