ಅವ್ವನಿಗೆ 30ಕ್ಕೆ 18

ನಿನ್ನೆ ಅವ್ವನನ್ನು ಮಂಡ್ಯದಿಂದ ಮೈಸೂರಿಗೆ ನೆನಪಿನ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. 30ಕ್ಕೆ 18 ಬಂತು. ಮೋಕಾ ಎಂಬ ಆ ಪರೀಕ್ಷೆಯಲ್ಲಿ 26 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿ ಎನ್ನುತ್ತಾರೆ. ಹಾಳೆ ನೋಡಿ ನನ್ನ ಕೈ ತಣ್ಣಗಾಯಿತು.

ಪರೀಕ್ಷೆ ಮಾಡಿದ ಮೇಡಂ ಮೊತ್ತವನ್ನು ಬದಿಗಿಟ್ಟು, ಅಂಕ ಎಲ್ಲೆಲ್ಲಿ ಹೋಗಿದೆ ಎಂದು ಸಾಲು ಸಾಲಾಗಿ ತೋರಿಸಿದರು. ಪೆಟ್ಟಿಗೆಯ ಚಿತ್ರ, ಗಡಿಯಾರದ ಮುಳ್ಳು ಎರಡರಲ್ಲೂ ಹೋಗಿತ್ತು. ಮೂರನೆಯ ತರಗತಿಗೇ ಶಾಲೆ ಬಿಟ್ಟ ಅವ್ವ ಪೆನ್ಸಿಲನ್ನು ಕುಡುಗೋಲಿನಂತೆ ಮುಷ್ಟಿಯಲ್ಲಿ ಹಿಡಿದಿದ್ದಳು. ಓದು 12 ವರ್ಷ ಮೀರದವರಿಗೆ ಇಲ್ಲಿ ಸಿಗುವುದು ಒಂದೇ ಒಂದು ಹೆಚ್ಚುವರಿ ಅಂಕ! 100ರಿಂದ ಏಳೇಳು ಕಳೆಯುವಾಗ ಎಡವಿದವಳು, ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಇಂದಿಗೂ ಬಾಯಲ್ಲೇ ಹೇಳುತ್ತಾಳೆ.

ಮೇಡಂ ಹೆಚ್ಚು ಹೊತ್ತು ಮಾತನಾಡಿದ್ದು ನೆನಪಿಟ್ಟುಕೊಳ್ಳಲು ಹೇಳಿದ್ದ ಐದು ಪದಗಳ ಬಗ್ಗೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಅವ್ವನಿಗೆ ನೆನಪಿದ್ದದ್ದು ಒಂದೇ. ಸುಳಿವು ಕೊಟ್ಟಾಗ ಇನ್ನೂ ಮೂರು ಬಂದವು. ಸುಳಿವಿನಿಂದ ಬಂದದ್ದಕ್ಕೆ ಅಂಕವಿಲ್ಲ, ಆದರೆ ಅರ್ಥವಿದೆ: ಪದ ಒಳಗೆ ಇಳಿದಿದೆ, ಹೊರಗೆ ಬರಲು ತಡವರಿಸುತ್ತಿದೆ. ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಸುಳಿವೂ ಅಷ್ಟಾಗಿ ಒದಗುವುದಿಲ್ಲವಂತೆ. ಇಷ್ಟರಿಂದಲೇ ತೀರ್ಮಾನ ಬೇಡ. ಕಿವಿ, ಬಿ12 ವಿಟಮಿನ್, ಥೈರಾಯ್ಡ್, ಮನಸ್ಸಿನ ಕೊರಗು ಎಲ್ಲವನ್ನೂ ನೋಡೋಣ ಎಂದರು. ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಅದನ್ನು ಕೇಳಿ ಬರೆದುಕೊಂಡವರು ಅವರೊಬ್ಬರೇ.

ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಅವ್ವ ಕಾವೇರಿಗೆ ಕೈಮುಗಿದಳು. ಆಮೇಲೆ ಮೆಲ್ಲಗೆ, "ಆ ಗಡಿಯಾರ ಬರೆಯುವುದನ್ನು ನನಗೂ ಒಂದಿಷ್ಟು ಹೇಳಿಕೊಡು ಮಗ" ಎಂದಳು.